ಮುಂದಿನ ಭಾಗ ಬರುತ್ತಾ ಅಂತ ಕೇಳಿದವರಿಗೆ

ಸೇಡಂ ಕಡೆಯ ಓದುಗರೊಬ್ಬರ ಪತ್ರ: "ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಬರೆದ 'ಪೂರ್ ಎಕನಾಮಿಕ್ಸ್' ಓದಿದೆ, ಬಹಳ ಹಿಡಿಸಿತು. ಇದರ ಮುಂದಿನ ಭಾಗ ಬರುತ್ತಾ? ಅದರಲ್ಲಿ ನಮ್ಮಂಥ ತೊಗರಿ ಬೆಳೆಗಾರರ ಮಾತು ಇರುತ್ತಾ?"

ಸಂಪಾದಕರ ಉತ್ತರ:

ಮುಂದಿನ ಭಾಗ ಅನ್ನಬಹುದಾದದ್ದು ಬಂದಾಗಿದೆ. ನೀವು ಓದಿದ್ದು 2011ರ ಪುಸ್ತಕ. 2019ರ ನವೆಂಬರಿನಲ್ಲಿ 'ಗುಡ್ ಎಕನಾಮಿಕ್ಸ್ ಫಾರ್ ಹಾರ್ಡ್ ಟೈಮ್ಸ್' ಬಂತು, ಅದಕ್ಕೆ ಒಂದು ತಿಂಗಳು ಮುಂಚೆಯಷ್ಟೇ ಇವರಿಬ್ಬರಿಗೂ ಮೈಕೆಲ್ ಕ್ರೆಮರ್ ಜೊತೆ ಅರ್ಥಶಾಸ್ತ್ರದ ನೊಬೆಲ್ ಘೋಷಣೆಯಾಗಿತ್ತು. (ನಮ್ಮ ಕಲಬುರಗಿ ತೊಗರಿ ಬೇಳೆಗೆ ಊರಿನ ಹೆಸರಿನ ಗುರುತು, ಅಂದರೆ ಜಿಐ ಟ್ಯಾಗ್ ಸಿಕ್ಕಿದ್ದೂ ಅದೇ ವರ್ಷ!)

ಆದರೆ ಅದೇ ರುಚಿ ಹುಡುಕಬೇಡಿ. ಮೊದಲ ಪುಸ್ತಕದಲ್ಲಿ ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ನಡೆದ ಪ್ರಯೋಗವಿತ್ತು. ಮಗುವಿಗೆ ಲಸಿಕೆ ಹಾಕಿಸಿದರೆ ಒಂದು ಕಿಲೋ ಬೇಳೆ, ಎಲ್ಲಾ ಲಸಿಕೆ ಮುಗಿದರೆ ಸ್ಟೀಲ್ ತಟ್ಟೆ. ಸುಮ್ನೆ ಬಿಟ್ಟ ಹಳ್ಳಿಗಳಲ್ಲಿ ಪೂರ್ತಿ ಲಸಿಕೆ ಆದ ಮಕ್ಕಳು ನೂರಕ್ಕೆ 6, ಬೇಳೆ ಕೊಟ್ಟಲ್ಲಿ ಸುಮಾರು 39. ಎರಡನೆಯದರಲ್ಲಿ ವಲಸೆ, ವ್ಯಾಪಾರ, ತೆರಿಗೆ, ಯಂತ್ರ ಬಂದದ್ದರಿಂದ ಕಳೆದುಹೋಗುವ ಕೆಲಸ ಇವೇ ಜಾಸ್ತಿ, ಅಮೆರಿಕದ ಜಗಳಗಳೂ ಬೇಕಾದಷ್ಟಿವೆ.

ತೊಗರಿಯ ವಿಷಯಕ್ಕೆ ಬರೋಣ. 2015ರಲ್ಲಿ ಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತ್ತು, ನೆನಪಿದೆಯಲ್ವಾ? ಮರುವರ್ಷ ಎಲ್ಲರೂ ತೊಗರಿಯನ್ನೇ ಬಿತ್ತಿದರು, ಮಳೆಯೂ ಕೈಕೊಡಲಿಲ್ಲ, ದೇಶದ ಇಳುವರಿ ಸುಮಾರು 25 ಲಕ್ಷ ಟನ್‌ನಿಂದ 48 ಲಕ್ಷ ಟನ್ ದಾಟಿತು, ರಾಶಿ ಮಾರುಕಟ್ಟೆಗೆ ಬರುವಷ್ಟರಲ್ಲಿ ತೊಗರಿ ದರ ಕ್ವಿಂಟಲ್‌ಗೆ 5,050 ರೂಪಾಯಿಯ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು. ಇತ್ತ ಮೊಜಾಂಬಿಕ್, ಮ್ಯಾನ್ಮಾರ್‌ನಿಂದ ಆಮದು. ಇದನ್ನು ಉದಯಪುರದ ಥರ ಪರೀಕ್ಷೆ ಮಾಡಲಾಗುವುದಿಲ್ಲ. ಅರ್ಧ ಹಳ್ಳಿಗೆ ಬೇಳೆ ಕೊಟ್ಟು ಇನ್ನರ್ಧ ಬಿಡಬಹುದು, ಚಿಂಚೋಳಿಗೆ ಆಮದು ತಡೆದು ಆಳಂದಕ್ಕೆ ಬಿಡೋದು ಹೇಗೆ? ನನಗೆ ಆ ವಿಧಾನದ ಮೇಲಿರುವ ತಕರಾರು ಇಷ್ಟೇ. ಬೆಲೆಯ ಮುಂದೆ ಅದು ಕೈಚೆಲ್ಲುತ್ತದೆ.

ಆದರೂ ಎರಡನೆಯದರ ವ್ಯಾಪಾರದ ಅಧ್ಯಾಯ ನಿಮಗಾಗಿಯೇ ಬರೆದಂತಿದೆ. 1991ರ ಉದಾರೀಕರಣದ ನಂತರ ಆಮದು ಪೈಪೋಟಿ ಜೋರಾಗಿದ್ದ ಜಿಲ್ಲೆಗಳಲ್ಲಿ ಬಡತನ ನಿಧಾನವಾಗಿ ಇಳಿಯಿತು ಅಂತ ಪೇಟಿಯಾ ಟೋಪಲೋವಾ ಎಂಬ ಅರ್ಥಶಾಸ್ತ್ರಜ್ಞೆ ಕಂಡುಕೊಂಡದ್ದನ್ನು ಅಲ್ಲಿ ವಿವರಿಸಿದ್ದಾರೆ. ಜನ ಊರು ಬಿಟ್ಟು ಹೋಗದಿರುವುದೂ ಒಂದು ಕಾರಣವಂತೆ. ಇಲ್ಲಿ ಮಾತ್ರ ನನಗೆ ಸ್ವಲ್ಪ ಜಗಳ ಇದೆ. ನಮ್ಮವರು ಪುಣೆ, ಮುಂಬೈ, ಹೈದರಾಬಾದ್‌ಗೆ ಹೋಗುತ್ತಾರೆ, ಮತ್ತೆ ಬಿತ್ತನೆಗೆ ಬರುತ್ತಾರೆ.

ಮೂರನೆಯದನ್ನು ಬರೆದರೆ ಬೆಲೆಯ ಬಗ್ಗೆ ಬರೆಯಲಿ ಅಂತ ನಿಮ್ಮಷ್ಟೇ ನಾನೂ ಕಾಯುತ್ತೇನೆ. ಅಲ್ಲಿವರೆಗೆ ಎರಡನೆಯದನ್ನು ವ್ಯಾಪಾರದ ಅಧ್ಯಾಯದಿಂದಲೇ ಶುರುಮಾಡಿ, ತೆರಿಗೆಯ ಭಾಗ ಹಾರಿಸಿದರೂ ನಡೆಯುತ್ತದೆ.