ಎಸ್‌ಎಸ್‌ಎಲ್‌ಸಿ ಆದಮೇಲೆ ಹಾರ್ಡ್‌ವೇರ್, ನೆಟ್‌ವರ್ಕಿಂಗ್ ಕಲಿಯಲು ಐಟಿಐ ಸಾಕಾ, ಡಿಪ್ಲೊಮಾ ಬೇಕಾ?

ಬೇಗ ಕೆಲಸಕ್ಕೆ ಸೇರಬೇಕು ಅಂದ್ರೆ ಐಟಿಐ ಸಾಕು. ಕಂಪ್ಯೂಟರ್ ಹಾರ್ಡ್‌ವೇರ್ ಅಂಡ್ ನೆಟ್‌ವರ್ಕ್ ಮೇಂಟೆನೆನ್ಸ್ ಅನ್ನೋ ಟ್ರೇಡ್ ಒಂದು ವರ್ಷದ್ದು. ಪಾಲಿಟೆಕ್ನಿಕ್‌ನ ಕಂಪ್ಯೂಟರ್ ಸೈನ್ಸ್ ಡಿಪ್ಲೊಮಾ ಮೂರು ವರ್ಷ, ಅದರಲ್ಲಿ ಪ್ರೋಗ್ರಾಮಿಂಗ್ ಜಾಸ್ತಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಈ ಒಂದು ವರ್ಷದ ಟ್ರೇಡ್ ಮಾಡಿದವರು ಎಸ್‌ಎಸ್‌ಎಲ್‌ಸಿ ಮೇಲೆ ಮೊದಲ ವರ್ಷದಿಂದ ಸೇರಬಹುದು, ಹಾಗಾಗಿ ಮುಂದಿನ ದಾರಿ ಮುಚ್ಚುವುದಿಲ್ಲ.

ಆದರೆ ಕಾಲೇಜು ಆರಿಸುವಾಗ ಲ್ಯಾಬ್ ನೋಡಿ. ಕ್ರಿಂಪಿಂಗ್ ಟೂಲ್ (ಕೇಬಲ್ಲಿನ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವ ಸಾಧನ) ವಿದ್ಯಾರ್ಥಿಗಳ ಕೈಗೆ ಸಿಗುತ್ತಾ ಅಂತ ಕೇಳಿ. ಇದನ್ನು ಒತ್ತಿ ಹೇಳಲು ಕಾರಣ ಇದೆ.

ನೆಟ್‌ವರ್ಕ್ ಕೇಬಲ್ಲಿನಲ್ಲಿ ಎಂಟು ತಂತಿ, ನಾಲ್ಕು ಜೋಡಿ. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು: ಈ ಕ್ರಮ ಬಾಯಿಪಾಠ ಆದರೆ ಸಾಲದು. ತಂತಿ ಕನೆಕ್ಟರಿನ ತುದಿ ಮುಟ್ಟಬೇಕು. ಹೊರಗಿನ ಕವಚವೂ ಒಳಗೆ ಸಿಕ್ಕಿಕೊಳ್ಳಬೇಕು, ಇಲ್ಲದಿದ್ದರೆ ಎಳೆದಾಗ ಕಿತ್ತುಬರುತ್ತದೆ. ಕಂದು ಜೋಡಿ ಸರಿಯಾಗಿ ಕೂರದಿದ್ದರೂ ಇಂಟರ್ನೆಟ್ ಬರಬಹುದು, ಆದರೆ ವೇಗ 1000 ಎಂಬಿಪಿಎಸ್ (ಗಿಗಾಬಿಟ್) ಬದಲು 100ಕ್ಕೆ ಇಳಿದಿರುತ್ತದೆ! ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು, 100ಕ್ಕೆ ಎರಡೇ ಸಾಕು. ಪುಸ್ತಕ ಓದಿದವರು ರೂಟರ್ ಬದಲಿಸಲು ಹೇಳುತ್ತಾರೆ. ಕೈಯಲ್ಲಿ ಮಾಡಿದವರು ಮೊದಲು ಕನೆಕ್ಟರ್ ನೋಡುತ್ತಾರೆ.

ಹಾಗೇ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ) 169.254ರಿಂದ ಶುರುವಾದರೆ, ಆ ಕಂಪ್ಯೂಟರಿಗೆ ತಾನಾಗಿಯೇ ವಿಳಾಸ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿಯಿಂದ ವಿಳಾಸ ಸಿಕ್ಕಿಲ್ಲ ಅಂತ ತಕ್ಷಣ ಗೊತ್ತಾಗಬೇಕು. ಈ ಅಭ್ಯಾಸ ಬರುವುದು ಕೆಟ್ಟ ಮೆಷಿನ್‌ಗಳನ್ನು ಬಿಚ್ಚಿ ಜೋಡಿಸಿದಾಗ. ಮನೇಲಿ ಹಳೇ ಕಂಪ್ಯೂಟರ್ ಇದ್ದರೆ ಮಾರಬೇಡಿ, ಅದರ ಮೇಲೆ ಇವತ್ತೇ ಕಲಿಯಲು ಶುರುಮಾಡಿ.