ಪಾಲಿಕೆಯಲ್ಲಿ ಕೇಳಬೇಕಾದದ್ದು ರಸ್ತೆಯ ಅಂಚನ್ನು

ನಿಮ್ಮ ಪ್ರಶ್ನೆ ಇದು: ಧಾರವಾಡದಿಂದ ಮಂಗಳೂರಿಗೆ ಬಂದು ಆರು ತಿಂಗಳಾಗಿದೆ, ಕಾವೂರಿನಲ್ಲಿ ಮನೆ. ಸೈಕಲ್ ಪಥ ಮತ್ತು ಬಸ್ ಸುಧಾರಣೆಯ ಬಗ್ಗೆ ಪಾಲಿಕೆ ಜನರ ಅಭಿಪ್ರಾಯ ಕೇಳಿದರೆ ಏನು ಹೇಳಬೇಕು? ಇಷ್ಟು ಮಳೆ, ಇಷ್ಟು ಏರುತಗ್ಗು ಇರುವ ಊರಿನಲ್ಲಿ ಸೈಕಲ್ ಪಥಕ್ಕೆ ಸುರಿಯುವ ಹಣವನ್ನು ಬಸ್ಸಿಗೇ ಕೊಡುವುದು ಮೇಲಲ್ಲವೇ?

ನಾನು ಹುಟ್ಟಿದ್ದು ಕುದ್ರೋಳಿಯಲ್ಲಿ, ಈಗಿರುವುದು ಕೊಟ್ಟಾರದಲ್ಲಿ. ಕಂಕನಾಡಿ ಕಡೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಅಷ್ಟೂ ವರ್ಷ ಓಡಾಡಿದ್ದು ಸಿಟಿ ಬಸ್ಸಿನಲ್ಲಿ. ಸೈಕಲ್ಲೋ ಬಸ್ಸೋ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನೇ ಒಪ್ಪಿಕೊಳ್ಳಬೇಡಿ ಎಂದು ಮೊದಲೇ ಹೇಳಿಬಿಡುತ್ತೇನೆ. ಬಸ್ಸಿಗೆ ಕಾಯುವವಳಿಗೆ, ಸೈಕಲ್ ತುಳಿಯುವವನಿಗೆ, ಮಾರ್ಕೆಟ್ಟಿನಿಂದ ಚೀಲ ಹೊತ್ತು ನಡೆದು ಬರುವ ಅಜ್ಜಿಗೆ ಈ ಊರಿನಲ್ಲಿ ಉಳಿದಿರುವುದು ಒಂದೇ ಜಾಗ. ಕಾಂಕ್ರೀಟ್ ಮುಗಿದಲ್ಲಿಂದ ಕಂಪೌಂಡ್ ಗೋಡೆಯವರೆಗಿನ ಒಂದೂವರೆ ಎರಡು ಮೀಟರ್. ಚರಂಡಿಯೂ ಅಲ್ಲೇ, ವಿದ್ಯುತ್ ಕಂಬವೂ ಅಲ್ಲೇ, ಮನೆ ಕಟ್ಟುವವರ ಜಲ್ಲಿ ರಾಶಿಯೂ ಅಂಗಡಿಗೆ ಬಂದವರ ಕಾರೂ ಅಲ್ಲೇ. ಪಾಲಿಕೆಯಲ್ಲಿ ಬಾಯಿಬಿಟ್ಟು ಕೇಳಬೇಕಾದದ್ದು ಆ ಅಂಚನ್ನು.

ಕಾಂಕ್ರೀಟ್ ಬಂದ ಮೇಲೆ ನಮ್ಮ ರಸ್ತೆಗಳು ನಿಜವಾಗಿಯೂ ಸುಧಾರಿಸಿದವು. ಮೊದಲು ಪ್ರತಿ ಸೆಪ್ಟೆಂಬರಿನಲ್ಲಿ ಡಾಂಬರು ಕಿತ್ತು ಹೊಂಡವಾಗುತ್ತಿದ್ದ ಕಡೆ ಈಗ ಬಸ್ಸು ಕುಲುಕದೆ ಹೋಗುತ್ತದೆ. ಆದರೆ ಎಷ್ಟೋ ಕಡೆ ಕಾಂಕ್ರೀಟಿನ ತುದಿಗೂ ಪಕ್ಕದ ಮಣ್ಣಿಗೂ ನಡುವೆ ಗೇಣುದ್ದದ ಮೆಟ್ಟಿಲು ಉಳಿದುಹೋಯಿತು. ಹಿಂದಿನಿಂದ ಬಸ್ಸು ಹಾರ್ನ್ ಹಾಕಿದಾಗ ಸೈಕಲ್ಲಿನವನು ಎಡಕ್ಕೆ ಇಳಿಯಬೇಕು, ಇಳಿದರೆ ಚಕ್ರ ಆ ಮೆಟ್ಟಿಲಿನಿಂದ ಜಾರುತ್ತದೆ. ಬಸ್ಸಿನಿಂದ ಇಳಿಯುವವರ ಕಾಲೂ ಅಲ್ಲಿಯೇ ಹೊರಳುತ್ತದೆ. ನಮ್ಮ ಪ್ರಯೋಗಾಲಯದ ಪಕ್ಕದ ಎಲುಬಿನ ವಿಭಾಗದ ಎದುರು ಮಳೆಗಾಲದಲ್ಲಿ ಕುಳಿತಿರುವವರನ್ನು ಮಾತನಾಡಿಸಿದರೆ ಈ ಕಥೆಯೇ ಮತ್ತೆ ಮತ್ತೆ ಕೇಳುತ್ತದೆ.

ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಊರು ಇದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. 2018ರ ಮೇ 29 ನನಗೆ ಮರೆಯುವುದಿಲ್ಲ. ಬೆಳಗಿನಿಂದ ಸುರಿದ ಮಳೆಗೆ ಊರಿನ ತಗ್ಗು ಪ್ರದೇಶಗಳೆಲ್ಲ ನೀರಿನಲ್ಲಿ ನಿಂತವು. ಅಂದು ಬಸ್ಸು ಸಿಗದೆ ನಮ್ಮೂರಿನ ಲಾಲ್‌ಬಾಗಿನಿಂದ ನಡೆದುಕೊಂಡು ಬಂದೆ. ಕೊಟ್ಟಾರ ಚೌಕಿಯ ಹತ್ತಿರ ನೀರು ಮೊಣಕಾಲಿನ ಮೇಲಿತ್ತು. ನೀರಿನ ಆಳಕ್ಕಿಂತ ನನ್ನನ್ನು ಹೆದರಿಸಿದ್ದು, ಚರಂಡಿಯ ಮೇಲಿನ ಚಪ್ಪಡಿ ಎಲ್ಲಿ ಇದೆ, ಎಲ್ಲಿ ಇಲ್ಲ ಎಂದು ತಿಳಿಯದೇ ಇದ್ದದ್ದು. ಮುಂದೆ ನಡೆಯುತ್ತಿದ್ದ ಅಪರಿಚಿತ ಹುಡುಗನೊಬ್ಬ ಕೊಡೆಯ ತುದಿಯಿಂದ ನೆಲ ತಡಕುತ್ತ ದಾರಿ ಮಾಡಿದ, ನಾವು ಐದಾರು ಹೆಂಗಸರು ಅವನ ಹೆಜ್ಜೆಯಲ್ಲೇ ಹೆಜ್ಜೆ ಇಟ್ಟೆವು. ನಮ್ಮ ಫುಟ್‌ಪಾತ್ ಎಂದರೆ ಬಹುತೇಕ ಚರಂಡಿಯ ಮುಚ್ಚಳ. ಆದುದರಿಂದ ಚರಂಡಿ ಸರಿಯಾಗದೆ ಇಲ್ಲಿ ಸೈಕಲ್ ಪಥವೂ ಇಲ್ಲ, ಬಸ್ ನಿಲ್ದಾಣವೂ ಇಲ್ಲ. ಮೂರನ್ನೂ ಬೇರೆ ಬೇರೆ ಗುತ್ತಿಗೆಯಾಗಿ, ಬೇರೆ ಬೇರೆ ವರ್ಷದಲ್ಲಿ ಮಾಡಿದರೆ ಒಂದು ಇನ್ನೊಂದನ್ನು ಅಗೆದು ಹಾಳುಮಾಡುತ್ತದೆ.

ಮಳೆಯ ಊರಿನಲ್ಲಿ ಸೈಕಲ್ ಯಾಕೆ ಎಂದಿರಿ. ನನ್ನ ಅಪ್ಪ ಕುದ್ರೋಳಿಯಿಂದ ಜೆಪ್ಪುವಿನ ಹೆಂಚಿನ ಕಾರ್ಖಾನೆಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮೊದಲ ಹೆಂಚಿನ ಕಾರ್ಖಾನೆ ತೆರೆದ ಊರಲ್ಲವೇ ಇದು. ನನ್ನ ಬಾಲ್ಯದಲ್ಲೂ ಕೆಲಸ ಬಿಡುವ ಹೊತ್ತಿಗೆ ಕಾರ್ಖಾನೆಯ ಗೇಟಿನಿಂದ ಸೈಕಲ್ಲುಗಳ ಸಾಲೇ ಹೊರಬರುತ್ತಿತ್ತು. ಜುಲೈ ತಿಂಗಳಲ್ಲಿ ಅಪ್ಪ ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡು, ಊಟದ ಡಬ್ಬಿಯನ್ನು ಹ್ಯಾಂಡಲ್ಲಿಗೆ ತೂಗುಹಾಕಿ ಹೊರಡುತ್ತಿದ್ದರು. ಮಳೆಯೆಂದು ಅವರು ರಜೆ ಹಾಕಿದ್ದು ನನಗೆ ನೆನಪಿಲ್ಲ. ಬಂದರಿನ ದಕ್ಕೆಯಲ್ಲಿ ಇಂದಿಗೂ ಬೆಳಗಿನ ಜಾವ ಸೈಕಲ್ಲಿಗೆ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹೊರಡುವವರಿದ್ದಾರೆ. ಭಾನುವಾರ ಹೆಲ್ಮೆಟ್ ಧರಿಸಿ ಸುರತ್ಕಲ್ ಕಡೆಗೆ ಹೋಗುವ ಸವಾರರ ಬಗ್ಗೆ ನನಗೆ ಗೌರವವಿದೆ, ಆದರೆ ಪಥ ಮೊದಲು ಬೇಕಾಗಿರುವುದು ಹೊಟ್ಟೆಪಾಡಿಗೆ ಸೈಕಲ್ ತುಳಿಯುವವರಿಗೆ.

ಮತ್ತು ಮಕ್ಕಳಿಗೆ. ನನ್ನ ಮಗ ಒಂಬತ್ತನೇ ತರಗತಿ. ಶಾಲೆ ಎರಡು ಕಿಲೋಮೀಟರಿಗೂ ಕಡಿಮೆ. ಅವನ ಅಜ್ಜ ಆ ವಯಸ್ಸಿನಲ್ಲಿ ಊರಿಡೀ ಸೈಕಲ್ಲಿನಲ್ಲಿ ಸುತ್ತುತ್ತಿದ್ದರು. ಇವನಿಗೂ ಸೈಕಲ್ ಇದೆ, ಮನೆಯ ಜಗಲಿಯಲ್ಲಿ ಒರಗಿದೆ. ನಾನು ಕಳುಹಿಸುವುದಿಲ್ಲ. ದಿನಾ ಬೆಳಿಗ್ಗೆ ಅವನನ್ನು ರಿಕ್ಷಾಕ್ಕೆ ಹತ್ತಿಸುವಾಗ ಅವನು ಆ ಸೈಕಲ್ಲನ್ನು ನೋಡುವ ನೋಟ ನನ್ನನ್ನು ಚುಚ್ಚುತ್ತದೆ.

ಗುಡ್ಡದ ಮಾತು ಅರ್ಧ ನಿಜ. ಹಂಪನಕಟ್ಟೆಯಿಂದ ಜ್ಯೋತಿ, ಬಲ್ಮಠಕ್ಕೆ ಏರುವ ರಸ್ತೆಯಲ್ಲಿ, ಬಾವುಟಗುಡ್ಡೆಯಲ್ಲಿ, ಕದ್ರಿಯಲ್ಲಿ ಸೈಕಲ್ ತುಳಿಯಿರಿ ಎಂದು ಯಾರಿಗೂ ಹೇಳಲಾರೆ. ಆದರೆ ಹಳೆಯ ಊರು ಇರುವುದೇ ತಗ್ಗಿನಲ್ಲಿ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣ, ಬಂದರು, ರಥಬೀದಿ, ಕುದ್ರೋಳಿ, ಮಣ್ಣಗುಡ್ಡೆ, ಉರ್ವ, ಅಶೋಕನಗರ, ಹೀಗೆ ಒಂದು ಸರಪಳಿ ಹೆಚ್ಚು ಏರಿಲ್ಲದೆ ಸಾಗುತ್ತದೆ. ಶಾಲೆಗಳು, ದೇವಸ್ಥಾನ, ಮಸೀದಿ, ಮೀನಿನ ದಕ್ಕೆ, ಬೆಂಗರೆಗೆ ಹೋಗುವ ದೋಣಿ ಎಲ್ಲವೂ ಇದರ ಆಸುಪಾಸಿನಲ್ಲಿವೆ. ಪಥ ಮಾಡುವುದಾದರೆ ಅಲ್ಲಿಂದ ಆರಂಭಿಸಲಿ. ಫೋಟೋ ಚೆನ್ನಾಗಿ ಬರುತ್ತದೆಂದು ಅಗಲವಾದ ಹೆದ್ದಾರಿಯ ಪಕ್ಕದಲ್ಲಿ ಆರಂಭಿಸಬೇಡಿ ಎಂದು ಹೇಳಿ.

ಬಣ್ಣ ಬಳಿದರೆ ಪಥವಾಗುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ಜಯನಗರದಲ್ಲಿ ಗುರುತು ಮಾಡಿದ ಸೈಕಲ್ ಪಥದ ಮೇಲೆ ಕಾರುಗಳು ನಿಂತವು. 2020ರಲ್ಲಿ ಅಲ್ಲಿಯ ಹೊರವರ್ತುಲ ರಸ್ತೆಯಲ್ಲಿ ಹಾಕಿದ ಪಥವೂ ಉಳಿಯಲಿಲ್ಲ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಯೋಜನೆ 450 ಸೈಕಲ್ಲುಗಳನ್ನು ಬಾಡಿಗೆಗೆ ಇಟ್ಟಿತು. ಒಳ್ಳೆಯ ಕೆಲಸವೇ, ಆದರೆ ಮೈಸೂರಿನಲ್ಲಿ ರಸ್ತೆ ಅಗಲ, ಅಂಚು ವಿಶಾಲ. ಇಲ್ಲಿ ಮೊದಲು ಸೈಕಲ್ಲುಗಳನ್ನು ತಂದು ನಿಲ್ಲಿಸಿದರೆ ಅವು ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತವೆ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಸೈಕಲ್ ಪಥ ಕನಿಷ್ಠ 2 ಮೀಟರ್. ಎರಡಕ್ಕೂ ಜಾಗವಿಲ್ಲದ ಕಡೆ ಫುಟ್‌ಪಾತ್ ಉಳಿಯಲಿ, ರಸ್ತೆಯ ವಾಹನ ನಿಲುಗಡೆ ಹೋಗಲಿ. ಕೋಪ ಬರುವುದು ಈ ಮಾತಿಗೇ, ಆದರೂ ಆಡಲೇಬೇಕು. ನಿಂತ ಕಾರು ಯಾರನ್ನೂ ಎಲ್ಲಿಗೂ ಒಯ್ಯುವುದಿಲ್ಲ.

ಇನ್ನು ಬಸ್ಸು. ಧಾರವಾಡದವರಾದ ನಿಮಗೆ ಇಲ್ಲಿಯ ವ್ಯವಸ್ಥೆ ವಿಚಿತ್ರವೆನಿಸಿರಬೇಕು. ಅಲ್ಲಿ ಹುಬ್ಬಳ್ಳಿಗೆ ಹೋಗುವ ಬಿಆರ್‌ಟಿಎಸ್ ಎಂಬ ತ್ವರಿತ ಬಸ್ಸಿಗೆ 22 ಕಿಲೋಮೀಟರ್ ಪ್ರತ್ಯೇಕ ದಾರಿಯಿದೆ, ಓಡಿಸುವುದು ಸರ್ಕಾರಿ ಸಂಸ್ಥೆ. ಕರಾವಳಿಯಲ್ಲಿ ಬಸ್ಸನ್ನು ಕಟ್ಟಿದವರು ಖಾಸಗಿಯವರು. ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಹಿರಿಯರ ಬಾಯಲ್ಲಿ ಸಿಪಿಸಿ, ಮಂಗಳೂರಿನಲ್ಲಿ ಆರಂಭವಾದದ್ದು 1914ರಲ್ಲಿ. ಇಂದಿಗೂ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ, ಉಡುಪಿಯಲ್ಲೂ ಹಾಗೆಯೇ. ಬೆಳಿಗ್ಗೆ ಎಂಟೂವರೆಗೆ ಕೊಟ್ಟಾರದಲ್ಲಿ ನಿಂತರೆ ಒಂದು ಬಸ್ಸು ತಪ್ಪಿದರೂ ಐದು ನಿಮಿಷದೊಳಗೆ ಇನ್ನೊಂದು ಬರುತ್ತದೆ. ಸರ್ಕಾರದ ದುಡ್ಡಿಲ್ಲದೆ ಇಷ್ಟು ಬಸ್ಸು ಓಡಿಸುವುದು ಸಣ್ಣ ಸಾಧನೆಯಲ್ಲ. ನಾನು ಅದಕ್ಕೆ ಕೃತಜ್ಞಳು.

ತೊಂದರೆ ಇರುವುದು ದುಡಿಮೆಯ ಕ್ರಮದಲ್ಲಿ. ಒಬ್ಬೊಬ್ಬ ಮಾಲೀಕರಿಗೆ ಒಂದೆರಡು ಬಸ್ಸು, ಚಾಲಕ ನಿರ್ವಾಹಕರ ಸಂಪಾದನೆ ಆ ದಿನದ ಕಲೆಕ್ಷನ್ನಿಗೆ ಅಂಟಿಕೊಂಡಿದೆ. ಮುಂದಿನ ಬಸ್ಸು ಜನರನ್ನು ಎತ್ತಿಕೊಂಡರೆ ಹಿಂದಿನವರ ದಿನದ ಭತ್ಯೆ ಇಳಿಯುತ್ತದೆ. ಅದಕ್ಕೇ ಆ ಓಟ, ಆ ಹಾರ್ನ್, ಇಳಿಯುವವರ ಎರಡನೇ ಕಾಲು ನೆಲ ಮುಟ್ಟುವ ಮೊದಲೇ ಹೊಡೆಯುವ ಸೀಟಿ. ಅದಕ್ಕೇ ರಾತ್ರಿಯ ಟ್ರಿಪ್ ಕಡಿತವೂ. ಒಮ್ಮೆ ರಾತ್ರಿ ಎಂಟೂಮುಕ್ಕಾಲಿಗೆ ಲಾಲ್‌ಬಾಗಿನಲ್ಲಿ ಕಂಡಕ್ಟರು “ದುಂಬು ಪೋಪುಜಿ, ಜಪ್ಪುಲೆ” ಎಂದರು. ಮುಂದೆ ಹೋಗುವುದಿಲ್ಲ, ಇಳಿಯಿರಿ. ಬಸ್ಸಿನಲ್ಲಿ ಆರು ಜನ ಇದ್ದೆವು, ಅದರಲ್ಲಿ ನಾಲ್ವರು ಹೆಂಗಸರು. ಆ ಕಂಡಕ್ಟರಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೆಳಗಿನ ಆರರಿಂದ ನಿಂತೇ ದುಡಿದವನು, ಆರು ಟಿಕೆಟ್ಟಿಗೆ ಡೀಸೆಲ್ ಸುಟ್ಟರೆ ಅವನಿಗೇನು ಉಳಿಯುತ್ತದೆ? ಆದರೆ ಪರವಾನಗಿಯಲ್ಲಿ ಬರೆದ ಕೊನೆಯ ಟ್ರಿಪ್ಪನ್ನು ನಂಬಿಯೇ ನಾವು ಸಂಜೆಯ ಪಾಳಿ ಒಪ್ಪಿಕೊಂಡಿರುತ್ತೇವೆ. ಅದು ತಪ್ಪಿದ ದಿನ ರಿಕ್ಷಾಕ್ಕೆ ಕೊಡುವುದು ಆ ದಿನದ ಸಂಬಳದ ಒಂದು ಪಾಲು. ಮಂಗಳೂರು ಜಂಕ್ಷನ್ ನಿಲ್ದಾಣಕ್ಕೆ ರಾತ್ರಿಯ ರೈಲಿನಲ್ಲಿ ಬಂದಿಳಿಯುವವರ ಪಾಡೂ ಇದೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗ ನಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವ, ಉಳ್ಳಾಲ ಕಡೆಯಿಂದ ಬರುವ ಗೆಳತಿ ಸಂಭ್ರಮಪಟ್ಟಳು. ಆದರೆ ಹೆಂಗಸರಿಗೆ ಆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ. ಅವಳು ಹತ್ತುವುದು ಖಾಸಗಿ ಸಿಟಿ ಬಸ್ಸು. ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುವ ಅವಳ ತಂಗಿಗೆ ಬಸ್ಸಿನ ಖರ್ಚಿಲ್ಲ, ಇವಳು ತಿಂಗಳಿಡೀ ಎರಡು ಹೊತ್ತು ಟಿಕೆಟ್ ಕೊಳ್ಳುತ್ತಾಳೆ. ಒಂದೇ ರಾಜ್ಯದಲ್ಲಿ ಇದು ನ್ಯಾಯವಲ್ಲ ಎಂದು ನಾನು ಎಲ್ಲಿ ಅವಕಾಶ ಸಿಕ್ಕರೂ ಹೇಳುತ್ತೇನೆ.

ನೀವು ಯಾರ ಬಳಿ ಏನು ಕೇಳಬೇಕು ಎಂಬುದನ್ನು ತಿಳಿದು ಹೋಗಿ, ಇಲ್ಲದಿದ್ದರೆ ಸಭೆಯಲ್ಲಿ “ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂಬ ಉತ್ತರ ಸಿಗುತ್ತದೆ. ಬಸ್ಸಿನ ಪರವಾನಗಿ, ಮಾರ್ಗ, ವೇಳಾಪಟ್ಟಿ ಪಾಲಿಕೆಯ ಕೈಯಲ್ಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಡಿ ಅದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಕೆಲಸ, ಅದರ ಅಧ್ಯಕ್ಷರು ಜಿಲ್ಲಾಧಿಕಾರಿ. ಪರವಾನಗಿಯ ಷರತ್ತು ಮುರಿದರೆ ಕ್ರಮ ಕೈಗೊಳ್ಳುವ ಅಧಿಕಾರವೂ ಆ ಪ್ರಾಧಿಕಾರದ್ದೇ, ಆದುದರಿಂದ ಟ್ರಿಪ್ ಕಡಿತದ ದೂರು ಬಸ್ಸಿನ ಸಂಖ್ಯೆ, ದಿನ, ಸಮಯದ ಜೊತೆಗೆ ಅಲ್ಲಿಗೆ ಹೋಗಬೇಕು. ಸಂಚಾರ ನಿಯಂತ್ರಣ ಪೊಲೀಸ್ ಆಯುಕ್ತರದ್ದು. ನಂತೂರು, ಕೊಟ್ಟಾರ ಚೌಕಿ, ಕೂಳೂರು ಸೇತುವೆ ಇರುವುದು ರಾಷ್ಟ್ರೀಯ ಹೆದ್ದಾರಿಯಲ್ಲಿ, ಅದರ ಯಜಮಾನರು ಬೇರೆ. ಪಾಲಿಕೆಯ ಕೈಯಲ್ಲಿ ಉಳಿಯುವುದು ಊರೊಳಗಿನ ರಸ್ತೆ, ಚರಂಡಿ, ಫುಟ್‌ಪಾತ್, ತಂಗುದಾಣ, ಬೀದಿದೀಪ. ಅಂದರೆ ನಾನು ಮೊದಲಿನಿಂದ ಹೇಳುತ್ತಿರುವ ಆ ಅಂಚು ಪೂರ್ತಿ ಅವರದೇ. ತಂಗುದಾಣದ ಮಾಡು ಓರೆಮಳೆಗೆ ತಡೆಯಾಗುವಷ್ಟು ಕೆಳಗೆ, ಅಗಲವಾಗಿ ಇಳಿಯಲಿ ಎಂದು ಕೇಳುವ ಹಕ್ಕು ನಿಮಗಿದೆ. ಸೈಕಲ್ಲನ್ನು ಬೀಗ ಹಾಕಿ ನಿಲ್ಲಿಸಿ ಬಸ್ಸು ಹತ್ತಲು ಅದೇ ಮಾಡಿನ ಕೆಳಗೆ ಒಂದು ಕಬ್ಬಿಣದ ಸಲಾಕೆ ಸಾಕು.

ಕಲೆಕ್ಷನ್ನಿನ ಓಟ ನಿಲ್ಲಬೇಕಾದರೆ ಬಸ್ಸಿನವರಿಗೆ ಓಡಿದ ಕಿಲೋಮೀಟರಿನ ಲೆಕ್ಕದಲ್ಲಿ ಹಣ ಸಿಗಬೇಕು, ಆಗ ಆರು ಜನರಿಗಾಗಿಯೂ ಕೊನೆಯ ಟ್ರಿಪ್ ಓಡುತ್ತದೆ. ಇದು ಕನಸಿನ ಮಾತಲ್ಲ. 2023ರ ಆಗಸ್ಟ್‌ನಲ್ಲಿ ಕೇಂದ್ರ ಒಪ್ಪಿದ ಪಿಎಂ ಇ-ಬಸ್ ಸೇವಾ ಯೋಜನೆಯ 10,000 ವಿದ್ಯುತ್ ಬಸ್ಸುಗಳ ಲೆಕ್ಕಾಚಾರ ನಿಂತಿರುವುದು ಈ ಕ್ರಮದ ಮೇಲೆಯೇ. ಈಗಿರುವ ಖಾಸಗಿ ಮಾಲೀಕರನ್ನೂ ಇಂಥ ಒಪ್ಪಂದದೊಳಗೆ ತರಬೇಕೆಂದು ನನ್ನ ಆಸೆ. ಅವರನ್ನು ಹೊರಗಿಟ್ಟು ಈ ಊರಿನ ಬಸ್ಸು ಸುಧಾರಿಸುವುದು ನನಗೆ ಕಾಣುವುದಿಲ್ಲ.

ಸಭೆಗೆ ಹೋಗುವ ಮೊದಲು ಒಂದು ಅಳತೆ ಟೇಪ್ ತೆಗೆದುಕೊಂಡು ನಿಮ್ಮ ಮನೆಯಿಂದ ನಿಲ್ದಾಣದವರೆಗೆ ನಡೆಯಿರಿ, ಸಾಧ್ಯವಾದರೆ ಮಳೆ ಬರುವಾಗ. ಕಳೆದ ತಿಂಗಳು ನಾನೂ ಮಗನೂ ಹಾಗೆ ಅವನ ಶಾಲೆಯವರೆಗೆ ನಡೆದೆವು. ಅವನು ಟೇಪಿನ ತುದಿ ಹಿಡಿದ, ನಾನು ಬರೆದುಕೊಂಡೆ. ಕಂಬವೋ ಕಾರೋ ಅಡ್ಡ ಬರದೆ 1.8 ಮೀಟರ್ ಸಿಕ್ಕಿದ್ದು ಒಂದು ಬ್ಯಾಂಕಿನ ಎದುರು ಮಾತ್ರ, ಅದೂ ಅದರ ಗೇಟಿನಿಂದ ಗೇಟಿನವರೆಗೆ. ಆ ಹಾಳೆ ನನ್ನ ಬಳಿ ಇದೆ. ಕಾವೂರಿನ ಅಳತೆಯನ್ನು ನೀವು ತನ್ನಿ, ಎರಡನ್ನೂ ಸೇರಿಸಿ ಒಂದೇ ಮನವಿಯಾಗಿ ಕೊಡೋಣ.