‘ರಿಯಾಂಶ್’ ಅಂದರೆ ಸೂರ್ಯನ ಮೊದಲ ಕಿರಣ ಅಂತ ಅರ್ಥಾನಾ?

ಮಗನಿಗೆ ‘ರಿಯಾಂಶ್’ ಅಂತ ಹೆಸರಿಡಬೇಕು ಅಂತಿದ್ದೀರಿ. ಜಾಲತಾಣವೊಂದರಲ್ಲಿ ‘ಸೂರ್ಯನ ಮೊದಲ ಕಿರಣ’ ಎಂಬ ಅರ್ಥ ಸಿಕ್ಕಿದೆ, ನಂಬಬಹುದಾ ಎಂದು ಕೇಳಿದ್ದೀರಿ. ಹೆಸರು ಇಷ್ಟವಾಗಿದ್ದರೆ ಇಡಿ. ಆ ಅರ್ಥವನ್ನು ಮಾತ್ರ ನಂಬಬೇಡಿ. ಅಂಶ ಅಂದರೆ ಭಾಗ, ಅಷ್ಟು ಸರಿ. ಆದರೆ ‘ರಿಯಾ’ಕ್ಕೆ ಸಂಸ್ಕೃತದಲ್ಲಾಗಲಿ ಕನ್ನಡದಲ್ಲಾಗಲಿ ಸೂರ್ಯ, ಕಿರಣ ಎಂಬ ಅರ್ಥ ಇಲ್ಲ. ಶಿವಾಂಶ್, ದೇವಾಂಶ್ ಥರದ ಹೆಸರಿನ ಬಾಲ ಹಿಡಿದು, ಮುಂದೆ ಕಿವಿಗೆ ಹಿತವಾದ ಅಕ್ಷರ ಜೋಡಿಸಿದ್ದಾರೆ.

ನಾನು ಬಾಗಲಕೋಟೆ ಕಡೆ ಕನ್ನಡ ಮೇಷ್ಟ್ರು. ಹಾಜರಿ ಪುಸ್ತಕದಲ್ಲಿ ದಿನಾ ಇಂಥ ಹೆಸರು ಕೂಗುತ್ತೇನೆ. ಮಗ ವಿಹಾನ್, ಅಪ್ಪ ಸಂಗಮೇಶ, ಅಜ್ಜ ಸಂಗಪ್ಪ. ಸಂಗಪ್ಪ ಅಂದರೆ ಕೂಡಲಸಂಗಮ, ಬನಶಂಕರಿ ಅಂದರೆ ಬಾದಾಮಿ, ಯಲ್ಲವ್ವ ಅಂದರೆ ಸವದತ್ತಿ ಗುಡ್ಡ. ಇವಕ್ಕೆ ಅರ್ಥ ಹುಡುಕುವ ಪ್ರಮೇಯವೇ ಇರಲಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲಿ ಅಂತ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎಂದು ಕರೆದದ್ದೂ ಉಂಟು. ಆ ಹೆಸರಿನಲ್ಲಿ ತಾಯಿಯ ಭಯ, ಆಸೆ ಎರಡೂ ಇವೆ. ನನಗೆ ಅದರ ಮೇಲೆ ಬಹಳ ಗೌರವ.

ಹೊಸ ಹೆಸರು ಹುಟ್ಟುವುದಕ್ಕೆ ಜನ್ಮಾಕ್ಷರವೂ, ಅಂದರೆ ಹುಟ್ಟಿದ ನಕ್ಷತ್ರದ ಪ್ರಕಾರ ಹೆಸರು ಶುರುವಾಗಬೇಕಾದ ಅಕ್ಷರವೂ, ಒಂದು ಕಾರಣ. 27 ನಕ್ಷತ್ರ, ತಲಾ ನಾಲ್ಕು ಪಾದ, ಒಟ್ಟು 108 ಅಕ್ಷರ. ಆರ್ದ್ರಾ ನಕ್ಷತ್ರಕ್ಕೆ ಕು, ಘ, ಙ, ಛ. ‘ಙ’ದಿಂದ ಯಾವ ಹೆಸರು ಇಡ್ತೀರಿ ಹೇಳಿ? ಇನ್ನೊಂದು, ಓಣಿಯಲ್ಲಿ ಯಾರಿಗೂ ಇರದ ಹೆಸರು ಬೇಕೆಂಬ ಆಸೆ. ಆಗ ಎಲ್ಲಿಂದಲೋ ತರುತ್ತಾರೆ. ವಿಹಾನ್ ಹಿಂದಿ ಸೀಮೆಯ ಮಾತು, ಬೆಳಗು ಅಂತ ಅರ್ಥ. ಕಿಯಾರಾ ಇಟಲಿಯದು, ಹೊಳೆಯುವವಳು ಅಂತ. ಇವು ನಿಜವಾದ ಶಬ್ದಗಳೇ.

ನನಗೆ ಸಂಕಟ ಆಗುವುದು ‘ಅನಯಾ’ ಥರದ ಹೆಸರು ಕಂಡಾಗ. ‘ಸರಿಸಾಟಿ ಇಲ್ಲದವಳು’ ಅಂತ ಜಾಲತಾಣದಲ್ಲಿ ಬರೆದಿರುತ್ತಾರೆ. ನಿಘಂಟು ತೆಗೆದರೆ ಅನಯ ಅಂದರೆ ಅನೀತಿ, ಕೆಟ್ಟ ನಡತೆ. ಅಪ್ಪ ಅಮ್ಮ ಎಷ್ಟು ಪ್ರೀತಿಯಿಂದ ಇಟ್ಟಿರುತ್ತಾರೆ ಅಲ್ವಾ? ಅದಕ್ಕೇ ಹೆಸರು ಇಡುವ ಮೊದಲು ಒಂದು ಒಳ್ಳೆಯ ನಿಘಂಟು ನೋಡಿ. ಕಿಟ್ಟೆಲ್ ನಿಘಂಟು 1894ರದು, ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ಕಟ್ಟಿದ ಹೆಸರು ಕೀಳಲ್ಲ. ವನೆಸ್ಸಾ ಎಂಬ ಹೆಸರನ್ನು 18ನೇ ಶತಮಾನದಲ್ಲಿ ಗಲಿವರನ ಕಥೆ ಬರೆದ ಜೊನಾಥನ್ ಸ್ವಿಫ್ಟ್ ಕಟ್ಟಿದ್ದು, ಗೆಳತಿ ಎಸ್ತರ್ ವ್ಯಾನ್‌ಹೊಮ್ರಿಯ ಹೆಸರಿನ ಚೂರುಗಳನ್ನು ಕೂಡಿಸಿ. ಈಗ ಅದು ಜಗತ್ತಿನ ಎಷ್ಟೋ ಹೆಣ್ಣುಮಕ್ಕಳ ಹೆಸರು. ನೀವೂ ಗಂಡ ಹೆಂಡತಿ ಹೆಸರು ಕೂಡಿಸಿ ಧಾರಾಳವಾಗಿ ಕಟ್ಟಿ. ಕೇಳಿದವರಿಗೆ ‘ನಾವೇ ಕಟ್ಟಿದ್ದು’ ಅನ್ನಿ. ಸುಮ್ನೆ ಸಂಸ್ಕೃತದ ಮೇಲೆ ಹಾಕಬೇಡಿ.

ಅವಸರವೂ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರನ್ನು ಆಮೇಲೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ತೊಟ್ಟಿಲ ದಿನ ಸೋದರತ್ತೆ ಕಿವಿಯಲ್ಲಿ ಹೇಳುವ ಹೆಸರೇ ಪ್ರಮಾಣಪತ್ರದಲ್ಲೂ ಇರಬೇಕು ಎಂದಿದ್ದರೆ, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕು ಎನ್ನುವುದನ್ನು ಮೊದಲೇ ಚೀಟಿಯಲ್ಲಿ ಬರೆದಿಟ್ಟುಕೊಂಡು ಕಚೇರಿಗೆ ಹೋಗಿ.